ಬೆಳಕಿಂಡಿಗೂ ಕುಂಬಿಗೂ ನಡುವೆ

ಹೊಲ ಹಿಸ್ಸೆಯಾಗುತ್ತದೆ. ಅಜ್ಜನ ಕಾಲದಲ್ಲಿ ಕಣ್ಣು ಹಾಯುವಷ್ಟು ಇದ್ದದ್ದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಂಚಿ ಹಂಚಿ ಕೊನೆಗೆ ಬದುವಷ್ಟೇ ಉಳಿಯುತ್ತದೆ. ನಮ್ಮ ಮನೆತನದಲ್ಲಿ ಹೀಗೆ ಹಿಸ್ಸೆಯಾಗದೆ ಪ್ರತಿಯೊಬ್ಬ ಮಗನ ಪಾಲಿಗೂ ಇಡಿಯಾಗಿ ಬಂದ ಆಸ್ತಿ ಒಂದೇ: ಎತ್ತರದ ಅಂಜಿಕೆ. ಅಜ್ಜನಿಗೆ ಇತ್ತು. ಅಪ್ಪನಿಗೆ ಪೂರ್ತಿ ಬಂತು. ನನಗೂ ಪೂರ್ತಿ ಬಂತು. ನನ್ನ ಮಕ್ಕಳಿಗೆ ಬಂದಿದೆಯೋ ಇಲ್ಲವೋ ತಿಳಿಯಲು ಅವರನ್ನು ಎಲ್ಲಾದರೂ ಮೇಲೆ ಹತ್ತಿಸಿ ನೋಡಬೇಕಿತ್ತು. ಹಾಗೆ ಹತ್ತಿಸಿದರೆ ಅವರ ಹಿಂದೆ ದೊಡ್ಡವರೊಬ್ಬರು ಹತ್ತಬೇಕಾಗುತ್ತದೆ ಎಂಬ ಕಾರಣದಿಂದ ಆ ಪರೀಕ್ಷೆ ನಮ್ಮ ಮನೆಯಲ್ಲಿ ಬಹಳ ಕಾಲ ಮುಂದಕ್ಕೆ ಹೋಗುತ್ತಲೇ ಇತ್ತು.

ಅಪ್ಪ ಮುದ್ದೇಬಿಹಾಳದಲ್ಲಿ ಕನ್ನಡ ಶಾಲೆಯ ಹೆಡ್‌ಮಾಸ್ತರರು. ರುಮಾಲು, ಕರಿ ಕೋಟು, ಕೈಯಲ್ಲಿ ಕೊಡೆ. ಅವರನ್ನು ಕಂಡರೆ ಬಜಾರದ ಎತ್ತುಗಳೂ ಬದಿಗೆ ಸರಿಯುತ್ತಿದ್ದವು. ಇಂಥ ಮನುಷ್ಯ ಅಂಜುತ್ತಾನೆ ಎಂದು ಯಾರೂ ಹೇಳುವ ಹಾಗಿರಲಿಲ್ಲ, ಅಪ್ಪನೂ ಹೇಳುತ್ತಿರಲಿಲ್ಲ. ಅಪ್ಪನಿಗೆ ಅಂಜಿಕೆ ಇರಲಿಲ್ಲ, ಕಾರಣಗಳಿದ್ದವು. ಶಾಲೆಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಸ್ಟೂಲಿನ ಮೇಲೆ ನಿಲ್ಲಬೇಕಿತ್ತು. ಕೀಲಿ ಕೊಡುವುದು ಹೆಡ್‌ಮಾಸ್ತರರ ಅಧಿಕಾರ, ಅದನ್ನು ಕೈಕೆಳಗಿನವರಿಗೆ ಬಿಟ್ಟುಕೊಡುವುದು ಶಿಸ್ತಿಗೆ ವಿರುದ್ಧ ಎಂದು ಅಪ್ಪ ತೀರ್ಮಾನಿಸಿದ್ದರು. ಆದ್ದರಿಂದ ಅವರು ಆ ಶಾಲೆಯಲ್ಲಿದ್ದಷ್ಟು ವರ್ಷವೂ ಅಲ್ಲಿ ಹತ್ತೂವರೆಯಾಗಿತ್ತು. ವಿಜಾಪುರದ ಗುಮ್ಮಟಕ್ಕೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಎಲ್ಲರನ್ನೂ ಮೇಲೆ ಕಳಿಸಿ ತಾವು ಕೆಳಗೇ ಕೂತರು. ಮೇಲೆ ಪಿಸುಗುಟ್ಟಿದ್ದು ಕೆಳಗಿನವರಿಗೆ ಕೇಳುತ್ತದೆಯೇ ಎಂಬುದನ್ನು ಈವರೆಗೆ ಯಾರೂ ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ಅವರ ಕಾರಣ.

ನನ್ನ ಅಂಜಿಕೆಯ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಅವರೇ ಹೇಳಿಕೊಳ್ಳದ ಒಂದು ವಿಷಯವನ್ನು ಮಗ ತಾನಾಗಿ ಎತ್ತುವುದು ಮರ್ಯಾದೆಯಲ್ಲ ಎಂದು ನಾನೂ ಸುಮ್ಮನಿದ್ದೆ.

ಎಪ್ಪತ್ತರ ದಶಕದ ಆರಂಭ. ನಾನು ತಾಲ್ಲೂಕು ಕಚೇರಿಯಲ್ಲಿ ಕಾರಕೂನನಾಗಿದ್ದೆ. ನೌಕರಿ ಕಾಯಂ ಆದದ್ದೇ ಮನೆಯಲ್ಲಿ ಕನ್ಯೆ ನೋಡುವ ಕಾರ್ಯ ಶುರುವಾಯಿತು. ಮೊದಲು ಹೋದದ್ದು ಇಂಡಿ ಕಡೆಗೆ. ಮನೆ ಚಲೋ ಇತ್ತು, ನಿಂಬೆ ತೋಟವಿತ್ತು, ಹುಡುಗಿಯ ತಂದೆ ಹೊಸದಾಗಿ ಭಾವಿ ತೋಡಿಸಿದ್ದರು. ಭಾವಿ ತೋಡಿಸಿದ ಮನುಷ್ಯನಿಗೆ ಮನೆಗೆ ಬಂದವರೆಲ್ಲ ಅದರೊಳಗೆ ಹಣಿಕಿ ಹಾಕಬೇಕೆಂಬ ಆಸೆ ಇರುತ್ತದೆ. ಅಪ್ಪ ಹಣಿಕಿ ಹಾಕಿದರು. ಮರುಕ್ಷಣವೇ ಪಕ್ಕದಲ್ಲಿದ್ದ ಗಿಡವೊಂದನ್ನು ಎರಡೂ ಕೈಗಳಿಂದ ತಬ್ಬಿಕೊಂಡು ಕಣ್ಣು ಮುಚ್ಚಿದರು. ಅದು ಜಾಲಿ ಗಿಡ.

ಮುಳ್ಳಿನ ಗಿಡವನ್ನು ಅಷ್ಟು ಆತ್ಮೀಯತೆಯಿಂದ ಅಪ್ಪಿಕೊಂಡ ಹೆಡ್‌ಮಾಸ್ತರರನ್ನು ಆ ಊರು ಹಿಂದೆ ಕಂಡಿರಲಿಕ್ಕಿಲ್ಲ. ಒಬ್ಬರು ಓಡಿ ಬಂದು ಅವರ ಅಂಗೈಗೆ ಕೀಲಿಕೈ ಗೊಂಚಲು ತುರುಕಿದರು. ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಮತ್ತೊಬ್ಬರು ತೋಟದಲ್ಲಿ ಬೇಕಾದಷ್ಟು ಇದ್ದುವೆಂದು ನಿಂಬೆಹಣ್ಣು ಕೊಯ್ದು ನೆತ್ತಿಗೆ ತಿಕ್ಕಿದರು. ಕೀಲಿ, ಉಳ್ಳಾಗಡ್ಡಿ ಮೂರ್ಛೆರೋಗಕ್ಕೆ, ನಿಂಬೆಹಣ್ಣು ಹುಚ್ಚಿಗೆ. ಹೀಗೆ ಅಪ್ಪನಿಗೆ ಒಂದೇ ಮಧ್ಯಾಹ್ನ ಎರಡು ರೋಗಗಳು ಗೊತ್ತಾದವು. ನಾನು ಭಾವಿಯಿಂದ ದೂರದಲ್ಲಿ, ಅದರ ಬಾಯಿ ಕಂಡ ಕೂಡಲೇ, ನೆಲಕ್ಕೆ ಕುಕ್ಕರಿಸಿದ್ದೆ.

"ಮಗಾನೂ ಕುಂತಾ ನೋಡ್ರಿ," ಎಂದು ಯಾರೋ ಹೇಳಿದ್ದು ಕೇಳಿಸಿತು. ಕಾಲಿಗೆ ಮುಳ್ಳು ನೆಟ್ಟಿತ್ತು ಎಂದು ನಂತರ ಅಪ್ಪನಿಗೆ ಹೇಳಿದೆ.

ನಾವು ಬಸ್ಸು ಹಿಡಿದು ಮನೆ ಸೇರುವುದರೊಳಗೆ ಸುದ್ದಿ ಬೇರೆ ಬಸ್ಸು ಹಿಡಿದಿತ್ತು. ಹೆಡ್‌ಮಾಸ್ತರರಿಗೆ ಫಿಟ್ಸ್ ಇದೆ, ಮಗನಿಗೂ ಇದೆ, ವಂಶದಲ್ಲೇ ಇದೆ. ಮುಂದೆ ಸಿಂದಗಿ ಕಡೆಯ ಒಂದು ಮನೆತನದವರು ಬರುತ್ತೇವೆಂದು ಹೇಳಿ ಕಳಿಸಿದ್ದರು. ಬರುವ ವಾರ ಬಂತು, ಅವರು ಬರಲಿಲ್ಲ. ಹುಡುಗಿಗೆ ಈ ವರ್ಷ ಲಗ್ನದ ಯೋಗವೇ ಇಲ್ಲವೆಂದು ಜೋಯಿಸರು ಹೇಳಿದ್ದಾರೆ ಎಂದು ಹೇಳಿ ಕಳಿಸಿದರು. ಯೋಗವಿಲ್ಲದ ಆ ಹುಡುಗಿಯ ಲಗ್ನಪತ್ರಿಕೆ ಮುಂದಿನ ತಿಂಗಳು ನಮ್ಮ ಕಚೇರಿಯಲ್ಲೇ ಒಬ್ಬರಿಗೆ ಬಂತು.

ಲೆಕ್ಕ ಸರಳವಿತ್ತು. ಇಂಡಿ ಕೈಬಿಟ್ಟಿತ್ತು. ಸಿಂದಗಿ ಕೈಬಿಟ್ಟಿತ್ತು. ಮುದ್ದೇಬಿಹಾಳದವರು ನಮ್ಮನ್ನು ದಿನಾಲು ನೋಡುತ್ತಿದ್ದರು, ಅವರ ಮಾತು ಬೇಡ. ಉಳಿದದ್ದು ಬಸವನ ಬಾಗೇವಾಡಿ. ಅಲ್ಲಿಯೂ ಗುಟ್ಟು ಬಯಲಾದರೆ ನಾನು ಕಾಯಂ ನೌಕರಿಯ ಹಾಗೆ ಕಾಯಂ ಬ್ರಹ್ಮಚಾರಿಯೂ ಆಗುವುದು ಖಚಿತವಿತ್ತು.

ಆಗ ರಂಗಕ್ಕೆ ಬಂದವನು ಅವ್ವನ ತಮ್ಮ, ನನ್ನ ಸೋದರಮಾವ. ನನಗೆ ಅವನು ಮಾಮಾ, ಅವನಿಗೆ ಅಕ್ಕನ ಗಂಡನಾದ ಅಪ್ಪ ಮಾವಾರು. ಅವನು ನಾಲ್ಕು ತಾಲ್ಲೂಕುಗಳಲ್ಲಿ ಲಗ್ನ ಜೋಡಿಸುವುದನ್ನು ಧರ್ಮಕಾರ್ಯವೆಂದು ಮಾಡುತ್ತಿದ್ದ, ಮತ್ತು ನಾಲ್ಕೂ ಕಡೆ ಊಟ ಮಾಡುತ್ತಿದ್ದ.

"ಇಂಗಳೇಶ್ವರದಾಗ ಒಂದ ಮನಿತನ ಐತಿ," ಎಂದ. "ಹುಡುಗಿ ಮ್ಯಾಟ್ರಿಕ್ ಆಗೈತಿ. ನಿಮ್ಮ ಫಿಟ್ಸ್ ಸುದ್ದಿ ಇನ್ನಾ ಆ ಕಡೆ ಮುಟ್ಟಿಲ್ಲ. ಮುಟ್ಟೂದ್ರಾಗ ನಡೀರಿ."

"ಫಿಟ್ಸ್ ಅಲ್ಲ ಅದು," ಎಂದರು ಅಪ್ಪ.

"ಮತ್ತೇನ್ರಿ ಮಾವಾರ?"

ಅಪ್ಪ ಬಹಳ ಹೊತ್ತು ವಿಚಾರ ಮಾಡಿ, "ಬಿಸಲಾ," ಎಂದರು.

ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟಳು. "ಭಾವಿ ನೋಡಾಕ ಹೋಗಬ್ಯಾಡ್ರಿ. ಜ್ವಾಳಾ ತುಂಬೂ ಹಗೇವಿನ ತೆಗ್ಗ ನೋಡಬ್ಯಾಡ್ರಿ. ಎಲ್ಲಿ ಕುಂದ್ರಸ್ತಾರ ಅಲ್ಲೇ ಕುಂದರ್ರಿ. ಅವಲಕ್ಕಿ ತಿನ್ರಿ, ಚಾ ಕುಡೀರಿ, ಎದ್ದ ಬರ್ರಿ. ನಾ ಹುಡುಗೀನ ನೋಡೂ ತನಕ ಊಟಕ್ಕ ಮಾತ್ರ ನಿಲ್ಲಬ್ಯಾಡ್ರಿ, ಹೇಳೇನಿ."

ಆ ಕೊನೆಯ ಮಾತಿಗೆ ನಮ್ಮ ಕಡೆ ಬಹಳ ತೂಕವಿದೆ. ಕನ್ಯೆ ನೋಡಲು ಹೋದವರು ಅವಲಕ್ಕಿ ತಿಂದು ಚಹಾ ಕುಡಿದು ಎದ್ದರೆ 'ವಿಚಾರ ಮಾಡಿ ತಿಳಿಸುತ್ತೇವೆ' ಎಂದು ಅರ್ಥ. ಯಾರಿಗೂ ಅವಮಾನವಿಲ್ಲ. ಏಳದೆ ಕೂತು ಊಟಕ್ಕೆ ನಿಂತರೆ ಮಾತು ಮುಗಿಯಿತು, ಸಂಬಂಧ ಒಪ್ಪಿಗೆ. ಕನ್ಯೆಯ ಮನೆಯ ಅನ್ನ ಉಂಡು ಆಮೇಲೆ ಒಲ್ಲೆ ಎಂದವನಿಗೆ ಆ ಸೀಮೆಯಲ್ಲಿ ಮತ್ತೆ ಯಾರೂ ನೀರು ಕೂಡ ಕೊಡುವುದಿಲ್ಲ.

ಬಾಗೇವಾಡಿಗೆ ಬಸ್ಸು, ಅಲ್ಲಿಂದ ಇಂಗಳೇಶ್ವರಕ್ಕೆ ಇನ್ನೊಂದು ಬಸ್ಸು. ಜೋಳದ ರಾಶಿ ಮುಗಿದ ದಿನಗಳು, ಬಿಸಿಲು ಏರುತ್ತಿತ್ತು. ಹುಡುಗಿಯ ತಂದೆ ದೊಡ್ಡ ಒಕ್ಕಲುತನದವರು, ಎತ್ತರದ ಆಳು, ಮೀಸೆಯಲ್ಲಿಯೇ ನಗುವವರು. ಬಾಗಿಲಲ್ಲೇ ನಮ್ಮ ಕಾಲಿಗೆ ನೀರು ಕೊಟ್ಟು ಕೈಮುಗಿದರು. ಅಪ್ಪ ಅಂಗಳವನ್ನು ಒಮ್ಮೆ ಸುತ್ತಲೂ ನೋಡಿ, ಭಾವಿ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಸಂತೋಷದಿಂದ ನಿಟ್ಟುಸಿರು ಬಿಟ್ಟರು.

"ಪಡಸಾಲ್ಯಾಗ ಕಾಲ ಇಡಾಕ ಜಾಗಾ ಇಲ್ರಿ," ಎಂದರು ಅವರು. "ಜ್ವಾಳದ ಚೀಲ ಒಟ್ಟೇವಿ. ಮಾಳಗಿ ಮ್ಯಾಲೆ ಜಮಖಾನಿ ಹಾಸೇನಿ. ಬೇವಿನ ನೆರಳೈತಿ, ತಣ್ಣನ್ನ ಗಾಳಿ. ಬರ್ರಿ, ಏರ್ರಿ."

ಗೋಡೆಗೆ ನಿಚ್ಚಣಿಕೆ ಒರಗಿಸಿತ್ತು. ಬೆಳಕಿನಲ್ಲಿ ಅದು ಬಹಳ ಉದ್ದವಾಗಿ ಕಂಡಿತು.

"ಇಲ್ಲೇ ಕಟ್ಟಿ ಮ್ಯಾಲೆ ಕುಂದ್ರತೇವ್ರಿ," ಎಂದರು ಅಪ್ಪ. "ಸರಳತೆ ಚಲೋ."

"ಕಟ್ಟಿ ಮ್ಯಾಲೆ? ಬೀಗರ ಆಗೋರನ್ನ ಹಾದ್ಯಾಗ ಕುಂದ್ರಸಿದ್ರ ಊರ ಮಂದಿ ನನ್ನ ಮಾರಿಗಿ ಉಗಳೂದಿಲ್ಲೇನ್ರಿ?"

ಮಾಮಾ ಅಪ್ಪನ ಕಿವಿಯಲ್ಲಿ, "ಏರ್ರಿ ಮಾವಾರ, ಇಲ್ಲಾಂದ್ರ ಇಲ್ಲೂ ಉಳ್ಳಾಗಡ್ಡಿ ಹಿಡೀತಾರ," ಎಂದ.

ಅಪ್ಪ ಕೊಡೆಯನ್ನು ಗೋಡೆಗೆ ಒರಗಿಸಿದರು. ಕಣ್ಣು ಮುಚ್ಚಿದರು. ಮೆಲುದನಿಯಲ್ಲಿ ಹತ್ತೊಂಬತ್ತರ ಮಗ್ಗಿ ಹೇಳುತ್ತ ನಿಚ್ಚಣಿಕೆಯ ಒಂದೊಂದೇ ಹಲ್ಲು ಏರತೊಡಗಿದರು. ಸುಲಭದ ಮಗ್ಗಿಯಾದರೆ ಮನಸ್ಸು ಕೆಳಗೆ ಇಳಿಯಲು ಪುರುಸೊತ್ತು ಸಿಗುತ್ತದೆ, ಹತ್ತೊಂಬತ್ತರದಕ್ಕೆ ಪೂರ್ತಿ ಮನಸ್ಸು ಬೇಕು ಎಂದು ನಂತರ ನನಗೆ ವಿವರಿಸಿದರು. ಕೆಳಗೆ ನಿಂತ ಹುಡುಗಿಯ ತಂದೆ ತುಟಿಗಳ ಚಲನೆ ನೋಡಿ ಭಕ್ತಿಯಿಂದ ಕೈಮುಗಿದು, "ಬಾಳ ಆಚಾರವಂತರು," ಎಂದು ಮಾಮಾನಿಗೆ ಹೇಳಿದರು.

ನಾನೂ ಏರಿದೆ. ಏರುವುದರಲ್ಲಿ ಒಂದು ಅನುಕೂಲವಿದೆ: ಮುಖ ಗೋಡೆಯ ಕಡೆಗೆ, ಮುಂದೆ ಹಿಡಿಯಲು ಇನ್ನೊಂದು ಹಲ್ಲು. ಅಂಜುವವರು ಏರಿಬಿಡುತ್ತಾರೆ. ಇಳಿಯುವ ಪ್ರಶ್ನೆ ಆಗ ಅವರಿಗೆ ಹೊಳೆಯುವುದಿಲ್ಲ. ಹೊಳೆದಿದ್ದರೆ ಏರುತ್ತಲೇ ಇರಲಿಲ್ಲ.

ಮೇಲೆ ಹೋದ ಮೇಲೆ ಜಾಗದ ಪ್ರಶ್ನೆ ಬಂತು. ನಮ್ಮ ಕಡೆಯ ಮಾಳಿಗೆಗಳೆಂದರೆ ಮಣ್ಣು ಬಡಿದ ಸಪಾಟು ನೆಲ. ಅಂಚಿನಲ್ಲಿ ಮೊಣಕಾಲಿನಷ್ಟು ಎತ್ತರದ ಕುಂಬಿ, ಅದರಾಚೆಗೆ ಏನೂ ಇಲ್ಲ. ಅಂಚುಗಳಿಂದ ಅತಿ ದೂರವಿರುವ ಸ್ಥಳವೆಂದರೆ ನಟ್ಟನಡುವೆ. ಅಪ್ಪ ಗಣಿತದ ಮಾಸ್ತರರಾದ್ದರಿಂದ ಅಂಬೆಗಾಲಿನಂಥ ಗಂಭೀರ ನಡಿಗೆಯಲ್ಲಿ ನೇರವಾಗಿ ಅಲ್ಲಿಗೇ ನಡೆದರು. ನಟ್ಟನಡುವೆ ಬೆಳಕಿಂಡಿ ಇತ್ತು. ಅಡುಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಚೌಕು ರಂಧ್ರ, ಒಬ್ಬ ಹೆಡ್‌ಮಾಸ್ತರ ಸರಾಗವಾಗಿ ಇಳಿದುಹೋಗುವಷ್ಟು ದೊಡ್ಡದು. ಸುತ್ತಲೂ ಅಂಚು, ನಡುವೆ ತೂತು. ಅಪ್ಪ ಎರಡಕ್ಕೂ ಸಮದೂರದ ಬಿಂದುವೊಂದನ್ನು ಕಣ್ಣಂದಾಜಿನಲ್ಲಿ ಹುಡುಕಿ ಅಲ್ಲಿ ಕೂತರು. ನಾನು ಅವರ ಬೆನ್ನಿಗೆ ಬೆನ್ನು ಹತ್ತಿಸಿ ಕೂತೆ. ನೋಡಿದವರಿಗೆ ತಂದೆಮಕ್ಕಳ ಪ್ರೇಮದಂತೆ ಕಾಣಬೇಕು.

ಹುಡುಗಿಯ ತಂದೆ ಕುಂಬಿಯ ಮೇಲೆಯೇ ಕಾಲಿಟ್ಟು ನಿಂತರು. ನಾನು ಬೇವಿನ ಗಿಡದ ಕಡೆ ಮುಖ ತಿರುಗಿಸಿದೆ.

"ಬರ್ರಿ ಇಲ್ಲಿ. ಅಕಾ, ಅಲ್ಲಿ ದೊಡ್ಡ ಬನ್ನಿಗಿಡ ಕಾಣತೈತಲ್ಲ, ಅಲ್ಲಿತನಕ ನಮ್ಮ ಹೊಲಾನ. ಬಂದ ನೋಡ್ರಿ."

"ನೀವು ಹೇಳಿದ್ರ ಸಾಕ್ರಿ," ಎಂದರು ಅಪ್ಪ, ಜಮಖಾನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ನಾವು ಹೊಲಾ ನೋಡಾಕ ಬಂದಿಲ್ಲ. ಮನಷ್ಯಾರನ್ನ ನೋಡಾಕ ಬಂದೇವಿ."

ಅವರು ಕುಂಬಿಯಿಂದ ಇಳಿದು ಬಂದು ಅಪ್ಪನ ಕೈ ಹಿಡಿದುಕೊಂಡರು. ಕಣ್ಣಂಚು ಒದ್ದೆಯಾಗಿತ್ತು. ಈವರೆಗೆ ಬಂದವರೆಲ್ಲ ಮೊದಲು ಹೊಲ ನೋಡಿದವರಂತೆ. ಹೊಲಕ್ಕೆ ಬೆನ್ನು ಮಾಡಿ ಕೂತ ಬೀಗರನ್ನು ಅವರು ಇದೇ ಮೊದಲು ಕಂಡದ್ದಂತೆ.

ಅವಲಕ್ಕಿ ಬಂತು. ಅದನ್ನು ತಂದವರೂ ಹುಡುಗಿಯ ತಂದೆಯೇ. ಕೆಳಗಿನಿಂದ ಹೆಂಗಸರು ಬೆಳಕಿಂಡಿಯ ಮೂಲಕ ತಾಟು ಎತ್ತಿ ಕೊಡುತ್ತಿದ್ದರು, ಇವರು ಬಗ್ಗಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ಹೆಂಗಸೂ ಮೇಲೆ ಬರಲಿಲ್ಲವೆಂಬುದನ್ನು ನಾನು ಗಮನಿಸಬಹುದಿತ್ತು. ಗಮನವೆಲ್ಲ ಆ ರಂಧ್ರ ನನ್ನ ಕಡೆಗೆ ಸರಿಯುತ್ತಿದೆಯೇ ಎಂಬುದರ ಮೇಲಿತ್ತು.

"ಹುಡುಗೀನ ಕರೀರಿ ಮತ್ತ," ಎಂದ ಮಾಮಾ.

ಕೆಳಗೆ ಸ್ವಲ್ಪ ಗುಸುಗುಸು ನಡೆಯಿತು. ನಂತರ ಬೆಳಕಿಂಡಿಯೊಳಗಿಂದ ಒಂದು ಮುದಿದನಿ ಎದ್ದು ಬಂತು. ಹುಡುಗಿಯ ಅಜ್ಜಿ.

"ನಮ್ಮ ಮನಿತನದಾಗ ಕನ್ಯಾ ಮಾಳಗಿ ಏರೂ ಪದ್ಧತಿ ಇಲ್ಲರೆಪ್ಪಾ. ಬೆಳಕಿಂಡಿ ಬುಡಕ ನಿಲ್ಲಸ್ತೇವಿ. ಮ್ಯಾಲಿಂದ ನೋಡ್ಕೋರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಗಂಟಲು ಸರಿಪಡಿಸಿಕೊಂಡರು.

"ಬಾಳ ಚಲೋ ಪದ್ಧತಿ," ಎಂದರು. "ಆದ್ರ ನಮ್ಮ ಮನಿತನದಾಗ ಒಂದ ಪದ್ಧತಿ ಐತಿ. ಮಂದೀ ಮನಿ ಬೆಳಕಿಂಡ್ಯಾಗ ನಾವು ಹಣಿಕಿ ಹಾಕೂದಿಲ್ಲ. ನಮ್ಮ ಅಪ್ಪಾರ ಆಣಿ ಐತಿ."

ಅಜ್ಜನ ಆಣೆ ಎಂದರೆ ಸುಳ್ಳೆಂದು ಹೇಳುವ ಹಾಗಿಲ್ಲ. ಅಜ್ಜ ತನ್ನ ಜೀವಮಾನದಲ್ಲಿ ಯಾವ ಬೆಳಕಿಂಡಿಯಲ್ಲೂ ಹಣಿಕಿ ಹಾಕಿರಲಿಲ್ಲ. ಹೀಗೆ ಎರಡು ಪ್ರಾಚೀನ ಪದ್ಧತಿಗಳು, ಎರಡಕ್ಕೂ ಪೂರ್ತಿ ಒಂದು ನಿಮಿಷ ವಯಸ್ಸಾಗಿರಲಿಲ್ಲ, ಮುಖಾಮುಖಿಯಾಗಿ ನಿಂತವು. ಕನ್ಯೆ ಮೇಲೆ ಬರುವಂತಿಲ್ಲ, ವರ ಕೆಳಗೆ ನೋಡುವಂತಿಲ್ಲ.

"ಅದಕ್ಕೇನಾತು," ಎಂದು ಮಾಮಾ ಬೋರಲಾಗಿ ಮಲಗಿ ತಲೆಯನ್ನು ಬೆಳಕಿಂಡಿಯೊಳಗೆ ತೂರಿಸಿದ. "ನಂಗ್ಯಾವ ಆಣೀನೂ ಇಲ್ಲ. ನಾ ನೋಡಿ ಹೇಳ್ತೇನಿ, ನೀ ಕೇಳು."

ಆ ದಿನಗಳಲ್ಲಿ ರೇಡಿಯೋದಲ್ಲಿ ಕ್ರಿಕೆಟ್ ಕೇಳುವವರು ಹೇಗೆ ಕೂರುತ್ತಿದ್ದರೋ ಹಾಗೆ ನಾನು ಕೂತೆ.

"ಬಂದ್ಳು ನೋಡು. ಹಸರ ಸೀರಿ. ನೆತ್ತಿ ಕಾಣಾಕತ್ತೈತಿ. ಬೈತಲಿ ಬಾಳ ನೆಟ್ಟಗ ತಗದಾಳ. ಸ್ವಲ್ಪ ಮ್ಯಾಲೆ ನೋಡವ್ವಾ ತಂಗೀ. ಹಾಂ. ಹಣಿ ಐತಿ. ಮೂಗ ಐತಿ."

"ಮೂಗ ಹೆಂಗೈತಿ?" ಎಂದರು ಅಪ್ಪ.

"ಚಲೋ ಐತ್ರಿ, ನಡುವ ಐತಿ. ನಕ್ಕಳು! ಹಲ್ಲ ಎಲ್ಲಾ ಅದಾವು. ಅಯ್ಯ, ನನಗ ನೆತ್ತಿಗಿ ರಕ್ತ ಇಳೀಲಾಕತ್ತೈತಿ, ಏನರ ಕೇಳೂದಿದ್ರ ಜಲ್ದಿ ಕೇಳೋ."

ನಾನು ಬೇವಿನ ಗಿಡದ ಕಡೆ ಮುಖಮಾಡಿಕೊಂಡೇ ಕೇಳಿದೆ. "ಹಾಡು, ಕಸೂತಿ, ಏನರ ಬರ್ತಾವೇನ್ರಿ?"

"ಬರ್ತಾವ್ರಿ," ಎಂದಿತು ಕೆಳಗಿನ ದನಿ. ಹೆದರಿಕೆಯಿಲ್ಲದ, ನಗುವನ್ನು ಹಲ್ಲಿನಲ್ಲಿ ಹಿಡಿದುಕೊಂಡ ದನಿ. "ನಾ ಒಂದ ಕೇಳ್ಲೇನ್ರಿ?"

"ಕೇಳ್ರಿ."

"ಬೆಳಕಿಂಡ್ಯಾಗ ನೋಡಬಾರದು ಅಂತ ಆಣಿ ಐತಿ, ಖರೆ. ಕೆಳಗ ಇಳದ ಬಂದು ನೋಡಬಾರದು ಅಂತಾನೂ ಐತೇನ್ರಿ?"

ಅಪ್ಪ ಅವಲಕ್ಕಿಯನ್ನು ಬಹಳ ಶ್ರದ್ಧೆಯಿಂದ ಅಗಿಯತೊಡಗಿದರು. ಅಜ್ಜಿ ಕೆಳಗೆ, "ಬಾಯಿ ಮುಚ್ಚ ಹುಚ್ಚಿ, ನಡಿ ಒಳಗ," ಎಂದು ಅವಳನ್ನು ಎಳೆದುಕೊಂಡು ಹೋದದ್ದರಿಂದ ನಾನು ಉತ್ತರ ಹೇಳುವ ಪ್ರಸಂಗ ತಪ್ಪಿತು. ಆದರೆ ಮುಖವನ್ನೇ ನೋಡದೆ, ಮೂಗು ನಡುವೆ ಇದೆ ಎಂಬ ಮಾಹಿತಿಯೊಂದನ್ನೇ ನಂಬಿ, ಈ ಹುಡುಗಿಯೇ ಆಗಬೇಕು ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ. ಇಲ್ಲಿಯೂ ಫಿಟ್ಸ್ ಎಂದುಬಿಟ್ಟರೆ ಎಂಬ ದಿಗಿಲು ಅಲ್ಲಿಯವರೆಗೆ ಮನೆತನದ್ದಾಗಿತ್ತು, ಈಗ ನನ್ನದೂ ಆಯಿತು.

ಚಹಾ ಬಂತು, ಮುಗಿಯಿತು. ಏಳುವ ಹೊತ್ತು. ಮಾಮಾ ಎದ್ದು, "ಬಸ್ಸಿನ ಹೊತ್ತಾತ್ರಿ," ಎಂದು ಆಡಿನ ಹಾಗೆ ಸರಸರನೆ ನಿಚ್ಚಣಿಕೆ ಇಳಿದುಹೋದ. ಕೆಳಗೆ ನಿಂತು, "ಬರ್ರ್ಯೋ!" ಎಂದು ಕೂಗಿದ.

ಅಪ್ಪ ಎದ್ದು ನಿಚ್ಚಣಿಕೆಯ ಕಡೆ ನಾಲ್ಕು ಹೆಜ್ಜೆ ಹೋದರು. ಅದರ ಎರಡು ಕೊಂಬುಗಳು ಕುಂಬಿಯ ಮೇಲೆ ಚಾಚಿಕೊಂಡಿದ್ದವು, ಅವುಗಳ ನಡುವೆ ಇಡೀ ಬಾಗೇವಾಡಿ ತಾಲ್ಲೂಕು ಕಾಣುತ್ತಿತ್ತು. ಅಪ್ಪ ತಿರುಗಿ ಬಂದು ಮತ್ತೆ ಕೂತರು.

"ನೀ ಮೊದಲ ಇಳಿ," ಎಂದು ಪಿಸುಗುಟ್ಟಿದರು. "ನೀ ಇಳದ ನಿಚ್ಚಣಿಕಿ ಹಿಡಕೋ. ಆಮ್ಯಾಲೆ ನಾ ನೋಡ್ತೇನಿ."

"ನೀವು ಇಳೀರಿ ಯಪ್ಪಾ. ಹಿರಿಯಾರು ಮುಂದ."

"ನಂದ ಬಿಡು. ನಿನಗೇನಾಗೈತಿ ಧಾಡಿ? ಹರೇದ ಹುಡುಗ ಅದೀ."

ಇನ್ನು ಮರ್ಯಾದೆ ನೋಡಿ ಉಪಯೋಗವಿರಲಿಲ್ಲ. "ನಂಗೂ ಐತ್ರಿ," ಎಂದೆ.

"ಏನ ಐತಿ?"

"ನಿಮಗ ಏನೈತೋ ಅದ."

ಅಪ್ಪ ಪೂರ್ತಿ ತಿರುಗಿ ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ. ಬದಲಿಗೆ, ಮೊಮ್ಮಗುವಿನ ಮೂಗು ಮನೆತನದವರದೇ ಎಂದು ಗುರುತಿಸಿದವರ ಹಾಗೆ ಅವರ ಮುಖ ಸಡಿಲವಾಯಿತು.

"ನಿಮ್ಮ ಮುತ್ಯಾಂದು," ಎಂದರು, ನನ್ನ ಅಜ್ಜನನ್ನು ನೆನೆದು. "ಹಂಗ ಬಂದೈತಿ ನೋಡು. ಅಂವಾ ಚಕ್ಕಡಿ ಏರಿದ್ರೂ ಕಣ್ಣ ಮುಚ್ಚತಿದ್ದ. ಯಾವಾಗಿಂದ ಐತಿ?"

"ಸಣ್ಣಾಂವ ಇದ್ದಾಗಿಂದ."

"ಹೇಳಬಾರದೇನಲೇ?"

"ನೀವ ಹೇಳಿದ್ರೇನ್ರಿ?"

ಅದಕ್ಕೆ ಅಪ್ಪನ ಬಳಿ ಕಾರಣವಿರಲಿಲ್ಲ. ನನಗೆ ತಿಳಿದಂತೆ ಅದೇ ಮೊದಲು.

ಅಷ್ಟರಲ್ಲಿ ಹುಡುಗಿಯ ತಂದೆ ನಮ್ಮೆದುರು ಬಂದು ನಿಂತರು. ಬೀಗರು ಏಕೆ ಏಳುತ್ತಿಲ್ಲ ಎಂಬುದು ಅವರ ಮುಖದ ಮೇಲೆ ಬರೆದಿತ್ತು.

"ಗಾಳಿ ಬಾಳ ಚಲೋ ಐತ್ರಿ," ಎಂದರು ಅಪ್ಪ. "ಇನ್ನೊಂದ ಸ್ವಲ್ಪ ಕುಂದ್ರೂಣಂತ."

ಅವರ ಮೀಸೆಯ ಎರಡೂ ತುದಿ ಮೇಲೇರಿದವು. ಬೆಳಕಿಂಡಿಗೆ ಧಾವಿಸಿ, "ಏ, ಕೇಳಿತೇನ? ಬೀಗರು ಕುಂತ್ರು! ಬ್ಯಾಳಿ ಕುದಿಯಾಕ ಇಡ್ರಿ. ಹೋಳಿಗಿ ಆಗಲಿ!" ಎಂದು ಕೂಗಿದರು. ಕೆಳಗೆ ಪಾತ್ರೆಗಳ ಸಪ್ಪಳ, ಬಳೆಗಳ ಸಪ್ಪಳ, ಯಾರೋ ನಕ್ಕ ಸಪ್ಪಳ.

ಇಳಿಯಲಾರದವರು ಕೂತಿದ್ದೆವು, ಅವರಿಗೆ ಅದು ಒಪ್ಪಿಗೆಯಾಗಿ ಕಂಡಿತು. ಬೇಡವೆನ್ನಬೇಕಾದರೆ ಎದ್ದು ಇಳಿಯಬೇಕು. ಇಳಿಯುವುದಕ್ಕಿಂತ ಸಂಬಂಧ ಬೆಳೆಸುವುದೇ ಅಪ್ಪನಿಗೆ ಸುಲಭವೆನ್ನಿಸಿತು. "ನಿಮ್ಮ ಅವ್ವಗ ನೀನ ಹೇಳು," ಎಂದಷ್ಟೇ ನನಗೆ ಹೇಳಿದರು.

ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಎಲ್ಲ ಬೆಳಕಿಂಡಿಯಿಂದ ಮೇಲೆದ್ದು ಬಂದವು. ಊಟದ ಸುದ್ದಿ ಕೇಳಿ ಮಾಮಾ ಇಳಿದಷ್ಟೇ ವೇಗದಿಂದ ಮತ್ತೆ ಹತ್ತಿ ಬಂದ. "ಏನ ಧೈರ್ಯ ಮಾಡಿದ್ರಿ ಮಾವಾರ!" ಎಂದು ಅಪ್ಪನ ಬೆನ್ನು ಚಪ್ಪರಿಸಿದ. ಅಪ್ಪ ಮುಂದಕ್ಕೆ ವಾಲಿ ಜಮಖಾನೆ ಹಿಡಿದುಕೊಂಡರು. ಉಣ್ಣುವವರೆಲ್ಲ ಉಂಡೆವು. ಇನ್ನು ಕೈ ತೊಳೆಯಲು, ಬಸ್ಸು ಹಿಡಿಯಲು, ಜೀವನ ಮುಂದುವರಿಸಲು ಕೆಳಗೆ ಹೋಗಲೇಬೇಕಿತ್ತು. ಹೊತ್ತು ಇಳಿಯತೊಡಗಿತ್ತು.

ಹುಡುಗಿಯ ತಂದೆ, ಮಾಮಾ ಸರಸರನೆ ಇಳಿದುಹೋದರು. ಉಳಿದ ನಮ್ಮಿಬ್ಬರಲ್ಲಿ ನಾನು ಮೊದಲಾದೆ. ಕುಂಬಿಗೆ ಹೊಟ್ಟೆ ಹಚ್ಚಿ, ಒಂದು ಕಾಲನ್ನು ಹಿಂದಕ್ಕೆ ಗಾಳಿಯಲ್ಲಿ ಬಿಟ್ಟು, ಅದು ಏನನ್ನೂ ಮುಟ್ಟಲಿಲ್ಲವಾದ್ದರಿಂದ ಹಾಗೆಯೇ ನಿಂತೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೀಗರು ಉಂಡ ಸುದ್ದಿಗೆ ಓಣಿಯ ಮಂದಿ ಅಂಗಳದಲ್ಲಿ ಸೇರಿದ್ದರು. ವರನ ಹಿಂಭಾಗವನ್ನು ಅವರು ಬೇಕಾದಷ್ಟು ಹೊತ್ತು ನೋಡಿದರು.

ಆಗ ನಿಚ್ಚಣಿಕೆಯ ಬುಡದಿಂದ ಆ ದನಿ, ಸಣ್ಣಗೆ, ನನಗಷ್ಟೇ ಕೇಳುವಂತೆ: "ಕೆಳಗ ನೋಡಬ್ಯಾಡ್ರಿ. ಗ್ವಾಡಿ ನೋಡ್ರಿ. ಬಲಗಾಲ ಇನ್ನೊಂಚೂರು ಎಡಕ್ಕ. ಅಲ್ಲೈತಿ ಹಲ್ಲು. ಎರಡೂ ಕಾಲ ಇಟ್ಟ ಮ್ಯಾಲೆ ಕೈ ಬಿಡ್ರಿ. ಉಸರ ಬಿಡೂದು ಮರೀಬ್ಯಾಡ್ರಿ."

ಅಂಜಿದವರಿಗೆ ಧೈರ್ಯ ಹೇಳುವವರು ಬಹಳ. ಕಾಲು ಎಲ್ಲಿಡಬೇಕೆಂದು ಹೇಳುವವರನ್ನು ನಾನು ಮೊದಲ ಸಲ ಕೇಳಿದೆ. ಗೋಡೆಯ ಮಣ್ಣು ನೋಡುತ್ತ, ಆ ದನಿ ಹಿಡಿದುಕೊಂಡು ಇಳಿದೆ. ನೆಲ ಮುಟ್ಟಿ ತಿರುಗಿದಾಗ ಹಸಿರು ಸೀರೆ ಬಾಗಿಲ ಹಿಂದೆ ಮಾಯವಾಗುತ್ತಿತ್ತು. ಮೂಗು ನಿಜವಾಗಿಯೂ ನಡುವೆ ಇತ್ತು.

ನಂತರ ಅಪ್ಪ. ಹತ್ತೊಂಬತ್ತರ ಮಗ್ಗಿ ಏರುವುದಕ್ಕೆ ಒದಗಿತ್ತು, ಇಳಿಯುವಾಗ ಅರ್ಧಕ್ಕೆ ಮರೆತುಹೋಯಿತು. ಅರ್ಧಕ್ಕೆ ಅಪ್ಪನೂ ನಿಂತರು. ನಿಚ್ಚಣಿಕೆಯನ್ನು ಜಾಲಿ ಗಿಡದ ಹಾಗೆಯೇ ತಬ್ಬಿಕೊಂಡು ಕಣ್ಣು ಮುಚ್ಚಿದರು. ರುಮಾಲು ಕಳಚಿ ಕೆಳಗೆ ಬಿತ್ತು.

ಹುಡುಗಿಯ ತಂದೆಯ ಮೀಸೆ ಇಳಿಯಿತು. "ಏನ್ರಿ ಇದು?" ಎಂದರು ಮಾಮಾನಿಗೆ. "ಇಂಡಿ ಕಡೆ ಯಾರೋ ಮಾಸ್ತರಗ ಫಿಟ್ಸ್ ಐತಿ, ಮನಿತನಕ್ಕ ಐತಿ ಅಂತ ಮೊನ್ನಿ ಸಂತ್ಯಾಗ ಕೇಳಿದ್ದೆ. ಇವರ ಏನ್ರಿ ಅವರು?"

ಸುದ್ದಿ ಮುಟ್ಟಿಯೇ ಇತ್ತು. ಮಾಮಾ ಬಸ್ಸಿನ ಹಾದಿಯ ಕಡೆ ನೋಡಿದ. ಅಂಗಳದ ಮಂದಿ ಅರ್ಧ ಹೆಜ್ಜೆ ಹಿಂದೆ ಸರಿದರು. ಒಬ್ಬಾಕೆ ಉಳ್ಳಾಗಡ್ಡಿ ತರಲು ಒಳಗೆ ಓಡಿದಳು. ಉಂಡದ್ದು ನಮ್ಮನ್ನು ಕಟ್ಟಿಹಾಕುತ್ತಿತ್ತು, ಅವರನ್ನಲ್ಲ. ರೋಗದ ಮನೆತನವೆಂದು ತಿಳಿದರೆ ಅವರು ಈಗಲೂ ಕೈತೊಳೆದುಕೊಳ್ಳಬಹುದಿತ್ತು.

ಆಗ ನಿಚ್ಚಣಿಕೆಯ ನಡುವಿನಿಂದ, ಕಣ್ಣು ಮುಚ್ಚಿಕೊಂಡೇ, ಅಪ್ಪ ಕೂಗಿದರು. ಅಷ್ಟು ಗಟ್ಟಿಯಾಗಿ ಅವರು ಶಾಲೆಯಲ್ಲೂ ಕೂಗಿದ್ದಿಲ್ಲ.

"ಫಿಟ್ಸ್ ಅಲ್ಲರೆಪೋ! ಅಂಜಿಕಿ! ಎತ್ತರ ಕಂಡ್ರ ಅಂಜಿಕಿ! ನಂಗೂ ಐತಿ, ನಮ್ಮ ಅಪ್ಪಗೂ ಇತ್ತು, ಮಗಗೂ ಐತಿ. ಅದಕ್ಕ ಬೆಳಕಿಂಡ್ಯಾಗ ನೋಡಲಿಲ್ಲ, ಅದಕ್ಕ ಹೊಲಾ ನೋಡಲಿಲ್ಲ, ಅದಕ್ಕ ಉಂಡೇವಿ! ಯಾರರ ನನ್ನ ಇಳಸ್ರಿ!"

ಮೊದಲು ನಕ್ಕದ್ದು ಅಜ್ಜಿ. ಕಟ್ಟೆಯ ಮೇಲೆ ಕೂತಿದ್ದವಳು ಸೆರಗು ಬಾಯಿಗೆ ಹಿಡಿದು, ಸೆರಗು ಸಾಲದೆ, ಮೊಣಕಾಲು ಬಡಿದುಕೊಂಡು ನಕ್ಕಳು.

"ಯಾಕ ಮಾರಿ ಸಣ್ಣ ಮಾಡಿ ಮಗನ?" ಎಂದಳು ಹುಡುಗಿಯ ತಂದೆಗೆ. "ನಿನ್ನ ಹೇಣತಿ ಲಗ್ನಾಗಿ ಬಂದಾಗಿಂದ ಒಂದ ದಿನಾರ ಮಾಳಗಿ ಏರ್ಯಾಳೇನ? ನಿನ್ನ ಮಗಳ ಏರ್ಯಾಳೇನ? ಇಬ್ಬರೂ ನಿಚ್ಚಣಿಕಿ ಕಂಡ್ರ ಬೆವರ್ತಾರ. 'ಮಾಳಗಿ ಏರೂ ಪದ್ಧತಿ ಇಲ್ಲ' ಅಂತ ನಾ ಸುಳ್ಳ ಹೇಳಿದ್ದ ಯಾಕ? ಎರಡ ಮನಿತನದವರು ಮಾಳಗಿ ಏರದ ಸೊಸಿ ಒಲ್ಲೆ ಅಂದ ಹೋಗಿಲ್ಲೇನ?"

ಹುಡುಗಿಯ ತಂದೆ ನಿಚ್ಚಣಿಕೆಯತ್ತ ನೋಡಿದರು. ನಿಚ್ಚಣಿಕೆಯ ಮೇಲಿನ ಬೀಗರ ಅಂಗಾಲುಗಳನ್ನು ನೋಡಿದರು. ನಂತರ ಏರಿಹೋಗಿ, ಅಪ್ಪನ ಸೊಂಟವನ್ನು ಹಿಂದಿನಿಂದ ತಬ್ಬಿ, ಜೋಳದ ಚೀಲ ಇಳಿಸುವವರ ಹಾಗೆ ಇಳಿಸಿ ನೆಲದ ಮೇಲೆ ನಿಲ್ಲಿಸಿದರು. ಮಣ್ಣು ಕೊಡವಿ ರುಮಾಲು ತೊಡಿಸಿದರು. ಅಪ್ಪ ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ ಮತ್ತೆ ಹೆಡ್‌ಮಾಸ್ತರರಾದರು.

"ಒಂದ ಮಾತ ಮದಲ ಹೇಳ್ರಿ," ಎಂದಳು ಅಜ್ಜಿ, ಕಣ್ಣು ಒರೆಸಿಕೊಳ್ಳುತ್ತ. "ನಿಮ್ಮ ಮನ್ಯಾಗೂ ಯಾರೂ ಏರೂದಿಲ್ಲ, ಈಕೀನೂ ಏರೂದಿಲ್ಲ. ಹಪ್ಪಳ ಸಂಡಗಿ ಎಲ್ಲಿ ಒಣಗಸ್ತೀರಿ?"

ಅಪ್ಪ ಎದೆಯ ಮೇಲೆ ಕೈಯಿಟ್ಟರು. "ಅಂಗಳದಾಗ," ಎಂದರು. "ಕಾಗಿ ಕಾಯಾಕ ನಾ ಕುಂದ್ರತೇನಿ."

ಅಲ್ಲಿಗೆ ಸಕ್ಕರೆ ಬಂತು, ಎಲ್ಲರ ಬಾಯಿಗೂ ಬಿತ್ತು, ಉಳ್ಳಾಗಡ್ಡಿ ತಂದಾಕೆಯ ಬಾಯಿಗೂ ಬಿತ್ತು.

ಬಸ್ಸಿಗೆ ನಮ್ಮನ್ನು ಕಳಿಸಲು ಬಾಗಿಲಿಗೆ ಬಂದ ಹುಡುಗಿಯ ತಂದೆ ಸಂತೋಷ ತಡೆಯಲಾರದೆ, "ಲಗ್ನಕ್ಕ ಅಳಿಯಾನ್ನ ಹನಮಪ್ಪನ ಗುಡಿಯಿಂದ ಹಂದರದ ತನಕ ಕುದರಿ ಮ್ಯಾಲೆ ಕರಕೊಂಡ ಬರ್ತೇನಿ," ಎಂದು ಘೋಷಿಸಿದರು. "ಬಾಗೇವಾಡ್ಯಾಗ ಒಂದ ಬಿಳಿ ಕುದರಿ ಐತಿ. ಇಷ್ಟ ಎತ್ತರ."

ಅವರು ಕೈಯೆತ್ತಿ ತೋರಿಸಿದ ಎತ್ತರ ನೋಡಿ ನನ್ನ ಬಾಯಿಯ ಸಕ್ಕರೆ ಕಹಿಯಾಯಿತು. ಅಪ್ಪ ನನ್ನ ಕಡೆ, ನಾನು ಅಪ್ಪನ ಕಡೆ ನೋಡಿದೆವು. ಬಾಗಿಲ ಸಂದಿಯಿಂದ ಅವಳು ಹೇಳಿದಳು:

"ಕುದರಿ ಬ್ಯಾಡ ಯಪ್ಪಾ. ನಡಕೊಂಡ ಬರ್ಲಿ. ಬರ್ತಾರಲ್ಲ, ಸಾಕು."

ಹೀಗಾಗಿ ಆ ಸೀಮೆಯಲ್ಲಿ ಕಾಲ್ನಡಿಗೆಯಲ್ಲಿ ಮೆರವಣಿಗೆ ಹೋದ ವರ ನಾನು. ಬಾಸಿಂಗವನ್ನು ಹಂದರದಲ್ಲೇ ಕಟ್ಟುವುದೆಂದು ಮಾಮಾ ಹಿಡಿದುಕೊಂಡಿದ್ದ. ಹಲಗೆಯವರು ಮುಂದೆ, ಶಹನಾಯಿಯವರು ಅವರ ಹಿಂದೆ, ಅವರೆಲ್ಲರ ನಡುವೆ ಧೂಳು ಕುಡಿಯುತ್ತ ನಾನು ಮತ್ತು ಅಪ್ಪ, ಗಟ್ಟಿ ನೆಲದ ಮೇಲೆ, ಬಹಳ ಸಮಾಧಾನದಿಂದ ನಡೆಯುತ್ತಿದ್ದೆವು. ಓಣಿಯ ತಿರುವಿನಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದ ಮುದುಕಿಯೊಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ವರಾ ಎಲ್ಲಿ ಅದಾನೋ ತಮ್ಮಾ?"

ಅಪ್ಪ ನನಗಿಂತ ಮೊದಲೇ ಉತ್ತರ ಕೊಟ್ಟರು. "ಹಿಂದ ಬರಾಕತ್ತಾನ ಯವ್ವಾ, ಕುದರಿ ಮ್ಯಾಲೆ," ಎಂದರು.

ನಾವು ಹಂದರ ಸೇರಿ ತಿರುಗಿ ನೋಡಿದಾಗಲೂ ಆಕೆ ಅಕ್ಕಿಕಾಳು ಹಿಡಿದುಕೊಂಡು, ಖಾಲಿ ರಸ್ತೆಯ ಕಡೆ, ಸಾಕಷ್ಟು ಎತ್ತರಕ್ಕೆ ಕಣ್ಣಿಟ್ಟು ನಿಂತಿದ್ದಳು.